ಪಾಡ್‌ಕಾಸ್ಟ್ ನಿರೂಪಕರು ತಮ್ಮ ಮಾತು ಕಡಿಮೆ ಮಾಡುವುದು ಹೇಗೆ?

ಪ್ರಶ್ನೆ: ಕೆರೆ, ಕೃಷಿ ಮತ್ತು ಹಳ್ಳಿಯ ಕಸುಬುಗಳ ಕುರಿತು ಕನ್ನಡದಲ್ಲಿ ಪಾಡ್‌ಕಾಸ್ಟ್ ನಡೆಸುತ್ತಿದ್ದೇನೆ. ಪ್ರತಿ ಕಂತಿನಲ್ಲೂ ಒಬ್ಬ ಅತಿಥಿಯನ್ನು ಮಾತನಾಡಿಸುತ್ತೇನೆ. ‘ಅತಿಥಿಗಿಂತ ನೀವೇ ಹೆಚ್ಚು ಮಾತನಾಡುತ್ತೀರಿ, ನಿಮ್ಮ ಪ್ರಶ್ನೆ ಯಾವುದೆಂದೇ ತಿಳಿಯುವುದಿಲ್ಲ’ ಎಂದು ಕೇಳುಗರು ದೂರುತ್ತಿದ್ದಾರೆ. ಚುಟುಕಾಗಿ ಕೇಳಲು ಹೋದರೆ ಹಿರಿಯರ ಎದುರು ಒರಟಾಗಿ ನಡೆದುಕೊಂಡಂತೆ ನನಗೇ ಅನಿಸುತ್ತದೆ. ಏನು ಮಾಡಬೇಕು? ಒಂದು ಕಂತಿನ ಮಾತುಗಳನ್ನು ಬರೆದು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ನೀವು ಕಳುಹಿಸಿದ ಪುಟಗಳನ್ನು ಓದಿದಾಗ ಮೊದಲು ಕಣ್ಣಿಗೆ ಬಿದ್ದದ್ದು ನಿಮ್ಮ ತಯಾರಿ. ಅತಿಥಿಯ ಕಸುಬು, ಅವರ ಊರಿನ ಕೆರೆ, ಅದರ ಅಚ್ಚುಕಟ್ಟು (ಕೆರೆಯ ನೀರು ಹಾಯುವ ಜಮೀನು), ಎಲ್ಲವನ್ನೂ ತಿಳಿದುಕೊಂಡೇ ನೀವು ಮೈಕ್ ಮುಂದೆ ಕುಳಿತಿದ್ದೀರಿ. ಮಾತು ಉದ್ದವಾಗಲು ಆ ತಯಾರಿಯೇ ಒಂದು ಕಾರಣವಾಗಿದೆ. ಓದಿಕೊಂಡದ್ದನ್ನೆಲ್ಲ ಪ್ರಶ್ನೆಯೊಳಗೇ ತುಂಬುತ್ತಿದ್ದೀರಿ, ಮತ್ತು ಏನನ್ನು ಕೇಳಬೇಕೆಂಬುದು ಮನಸ್ಸಿನಲ್ಲಿ ತೀರ್ಮಾನವಾಗುವ ಮೊದಲೇ ಮಾತು ಆರಂಭಿಸುತ್ತಿದ್ದೀರಿ. ಕೇಳಬೇಕಾದದ್ದು ಮೊದಲೇ ಖಚಿತವಾಗಿದ್ದರೆ ಮಾತು ತಾನಾಗಿಯೇ ಚಿಕ್ಕದಾಗುತ್ತದೆ. ಅದು ಖಚಿತವಾಗದೆ ಬರಿಯ ಎಚ್ಚರಿಕೆಯಿಂದ ಮಾತನ್ನು ಕತ್ತರಿಸಲು ಹೊರಟರೆ ನೀವು ಹೇಳಿದಂತೆ ಒರಟುತನವಷ್ಟೇ ಉಳಿಯುತ್ತದೆ.

ಕೋಲಾರದ ಕಡೆಯ ನೀರಗಂಟಿಯೊಬ್ಬರಿಗೆ ನೀವು ಕೇಳಿದ ಪ್ರಶ್ನೆಯನ್ನೇ ನೋಡೋಣ. (ಕೆರೆಯ ನೀರು ಹೊರಬಿಡುವ ತೂಬು ಎತ್ತಿ ಇಳಿಸಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು ನೀರಗಂಟಿಯ ಕೆಲಸ ಎಂಬುದನ್ನು ಇತರ ಓದುಗರಿಗಾಗಿ ಹೇಳುತ್ತಿದ್ದೇನೆ.)

‘ಯಜಮಾನ್ರೇ, ಈಗ ಏನಾಗಿದೆ ಅಂದ್ರೆ, ಕೋಲಾರದ ಕಡೆ ವರ್ಷ ಪೂರ್ತಿ ಹರಿಯೋ ನದಿ ಅಂತ ಯಾವುದೂ ಇಲ್ಲ, ಹಾಗಾಗಿ ಬೇಸಿಕಲಿ ಕೆರೆಗಳೇ ಆಧಾರ ಆಗಿದ್ವು, ಆಮೇಲೆ ಬೋರ್‌ವೆಲ್ ಬಂದ್ಮೇಲೆ ಜನ ಕೆರೆ ಕಡೆ ನೋಡೋದೇ ಬಿಟ್ರು, ನಾನೂ ಚಿಕ್ಕವನಿದ್ದಾಗ ನಮ್ಮೂರಲ್ಲಿ ನೋಡಿದೀನಿ, ಸೋ ಆಗೆಲ್ಲ ನೀರಗಂಟಿ ಅಂದ್ರೆ ಒಂಥರಾ ಮರ್ಯಾದೆ ಇತ್ತು ಅಂತ ಓದಿದೀನಿ, ನೀವು ನೀರು ಹೇಗೆ ಹಂಚ್ತಿದ್ರಿ, ಜಗಳ ಗಿಗಳ ಏನಾದ್ರೂ ಆಗ್ತಿತ್ತಾ, ಆದ್ರೆ ಈಗಿನ ಹುಡುಗ್ರಿಗೆ ಇದ್ಯಾವುದೂ ಗೊತ್ತೇ ಇಲ್ಲ ಅಲ್ವಾ?’

ಅವರು ಕೊಟ್ಟ ಉತ್ತರ: ‘ಹೌದು ಸ್ವಾಮಿ, ಅವ್ರಿಗೆಲ್ಲಿ ಗೊತ್ತಾಗ್ಬೇಕು.’

ಅಲ್ಲಿಗೆ ವಿಷಯ ನಿಂತುಹೋಯಿತು, ನೀವು ಇನ್ನೊಂದು ದೀರ್ಘ ಪೀಠಿಕೆಯನ್ನು ಆರಂಭಿಸಬೇಕಾಯಿತು. ಈ ಒಂದೇ ಉಸಿರಿನಲ್ಲಿ ಎರಡು ಒಳ್ಳೆಯ ಪ್ರಶ್ನೆಗಳಿವೆ: ನೀರು ಹೇಗೆ ಹಂಚುತ್ತಿದ್ದಿರಿ, ಜಗಳ ಬಂದರೆ ಏನು ಮಾಡುತ್ತಿದ್ದಿರಿ. ಎರಡಕ್ಕೂ ಅವರಲ್ಲಿ ಬಹುಶಃ ಅರ್ಧ ಗಂಟೆಯ ಉತ್ತರವಿತ್ತು. ಆದರೆ ಅವುಗಳ ಹಿಂದೆಯೇ ನೀವು ‘ಅಲ್ವಾ’ ಎಂದು ಮುಗಿಯುವ ಅಭಿಪ್ರಾಯವೊಂದನ್ನು ಇಟ್ಟಿರಿ. ಹಲವು ಪ್ರಶ್ನೆಗಳು ಒಟ್ಟಿಗೆ ಬಂದಾಗ ಮನುಷ್ಯ ಕೊನೆಯದಕ್ಕೋ ಎಲ್ಲಕ್ಕಿಂತ ಸುಲಭವಾದದ್ದಕ್ಕೋ ಉತ್ತರಿಸುತ್ತಾನೆ; ಇಲ್ಲಿ ಕೊನೆಯದೇ ಸುಲಭವೂ ಆಗಿತ್ತು, ಹೌದು ಎಂದರೆ ಸಾಕಾಗಿತ್ತು. ‘ನನ್ನ ಅತಿಥಿಗಳು ಸರಿಯಾಗಿ ಮಾತನಾಡುವುದಿಲ್ಲ, ಆದ್ದರಿಂದ ನಾನೇ ತುಂಬಿಸಬೇಕಾಗುತ್ತದೆ’ ಎಂಬ ಭಾವನೆ ನಿಮ್ಮಲ್ಲಿದ್ದರೆ, ದಯವಿಟ್ಟು ಅದನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸಿ.

ಕನ್ನಡದ ವಾಕ್ಯರಚನೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಹೇಳಿದ್ದು ಪ್ರಶ್ನೆಯೋ ಹೇಳಿಕೆಯೋ ಎಂಬುದೂ ಬಹಳಷ್ಟು ಸಲ ಅಲ್ಲಿಯೇ ತಿಳಿಯುತ್ತದೆ. ಅದಕ್ಕೂ ಮೊದಲು ‘ಬಂದ್ಮೇಲೆ’, ‘ಹಾಗಾಗಿ’, ‘ಅಂತ’, ‘ಅಂದ್ರೆ’ ಎಂಬ ಕೊಂಡಿಗಳನ್ನು ಹಾಕುತ್ತ ಎಷ್ಟು ದೂರ ಬೇಕಾದರೂ ಹೋಗಬಹುದು, ವ್ಯಾಕರಣ ತಪ್ಪುವುದಿಲ್ಲ. ಅಚ್ಚಿನಲ್ಲಿ ಓದುವವರು ಇಂಥ ವಾಕ್ಯದಲ್ಲಿ ದಾರಿ ತಪ್ಪಿದರೆ ಮೇಲಿನ ಸಾಲಿಗೆ ಕಣ್ಣು ಹಾಯಿಸುತ್ತಾರೆ. ಕಿವಿಗೆ ಆ ಸೌಲಭ್ಯವಿಲ್ಲ. ಬಸ್ಸಿನಲ್ಲಿ ನಿಂತೋ ಅಡುಗೆ ಮಾಡುತ್ತಲೋ ಕೇಳುತ್ತಿರುವವರು ಹಿಂದಕ್ಕೆ ಹೋಗಿ ಮತ್ತೆ ಕೇಳುವುದು ಅಪರೂಪ. ಆದ್ದರಿಂದ ಹಿನ್ನೆಲೆಯನ್ನು ಹೇಳಲೇಬೇಕಾದರೆ ಅದನ್ನು ಸ್ವತಂತ್ರ ವಾಕ್ಯವಾಗಿ ಹೇಳಿ ಪೂರ್ಣವಿರಾಮಕ್ಕೆ ತನ್ನಿ, ಆಮೇಲೆ ಪ್ರಶ್ನೆಯನ್ನು ಬೇರೆ ವಾಕ್ಯವಾಗಿ ಕೇಳಿ. ಮೇಲಿನದನ್ನು ನಾನಾದರೆ ಹೀಗೆ ಕೇಳುತ್ತೇನೆ:

‘ಯಜಮಾನ್ರೇ, ಕೆರೆ ತುಂಬಿದ ವರ್ಷ ಗದ್ದೆಗಳಿಗೆಲ್ಲ ನೀರು ಬಿಡೋರು ನೀವೇ. ಮೊದಲು ಯಾರ ಗದ್ದೆಗೆ ಅಂತ ಹೇಗೆ ತೀರ್ಮಾನ ಮಾಡ್ತಿದ್ರಿ?’

ಇಷ್ಟು ಕೇಳಿ ಸುಮ್ಮನಿರಬೇಕು. ಅವರು ಹೇಳಿ ಮುಗಿಸಿದ ಮೇಲೆ, ‘ಅದಕ್ಕೆ ಒಪ್ಪದೆ ಇರೋರು?’ ಎಂಬಷ್ಟೇ ಸಾಕು, ಜಗಳದ ಕಥೆ ಹೊರಬರುತ್ತದೆ. ಕೋಲಾರದ ಕಡೆ ವರ್ಷ ಪೂರ್ತಿ ಹರಿಯುವ ನದಿಗಳಿಲ್ಲದಿರುವುದು, ಕೊಳವೆಬಾವಿ ಬಂದ ಮೇಲೆ ಕೆರೆಗಳ ಸ್ಥಿತಿ ಬದಲಾದದ್ದು, ಇವೆಲ್ಲ ಕೇಳುಗರಿಗೆ ಬೇಕಾದ ಮಾಹಿತಿಯೇ; ಅತಿಥಿಗೆ ಬೇಕಾದದ್ದಲ್ಲ. ಅವರಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು. ಕೇಳುಗರಿಗೆ ಹೇಳಬೇಕಾದದ್ದನ್ನು ಅತಿಥಿಯ ಮುಖ ನೋಡಿಕೊಂಡು ಹೇಳುವುದೇ ಪ್ರಶ್ನೆಗಳು ಉಬ್ಬಲು ಬಹುದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ. ಆ ಭಾಗವನ್ನು ಸಂದರ್ಶನವೆಲ್ಲ ಮುಗಿದ ಮೇಲೆ ಮನೆಯಲ್ಲಿ ಕುಳಿತು ಬರೆದು, ನಿಮ್ಮ ದನಿಯಲ್ಲಿ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿ, ಬೇಕಾದ ಜಾಗದಲ್ಲಿ ಸೇರಿಸಿ. ಅಲ್ಲಿ ನಿಮಗೆ ತಿದ್ದಲು ಸಮಯವಿರುತ್ತದೆ, ಎದುರಿಗೆ ಯಾರೂ ಕಾಯುತ್ತಿರುವುದಿಲ್ಲ.

ಸಂದರ್ಶನದ ಪ್ರಶ್ನೆಗಳ ಬಗ್ಗೆ ಬಹಳ ಗಂಭೀರವಾಗಿ ಯೋಚಿಸಿ, ಪತ್ರಕರ್ತರಿಗೆ ತರಬೇತಿ ನೀಡಿದವರಲ್ಲಿ ಕೆನಡಾದ ಜಾನ್ ಸವಾಟ್ಸ್ಕಿ ಮುಖ್ಯರು. ಪ್ರಶ್ನೆ ಮುಕ್ತವಾಗಿರಬೇಕು, ತಟಸ್ಥವಾಗಿರಬೇಕು, ತೆಳ್ಳಗಿರಬೇಕು ಎಂಬುದು ಅವರ ಬೋಧನೆಯ ತಿರುಳು. ಹೌದು ಅಥವಾ ಇಲ್ಲ ಎಂಬಲ್ಲಿಗೆ ಮುಗಿಯುವ ಪ್ರಶ್ನೆಗಳು, ಒಂದರೊಳಗೆ ಎರಡು ಸೇರಿದ ಪ್ರಶ್ನೆಗಳು, ಕೇಳುವವರ ಅಭಿಪ್ರಾಯವನ್ನೇ ಹೊತ್ತು ಬರುವ ಪ್ರಶ್ನೆಗಳು ಉತ್ತರವನ್ನು ಕುಗ್ಗಿಸುತ್ತವೆ ಎಂದು ಅವರು ಉದಾಹರಣೆಗಳ ಸಮೇತ ತೋರಿಸುತ್ತಿದ್ದರು. ಏನು, ಹೇಗೆ, ಯಾಕೆ ಎಂಬ ಪದಗಳಿರುವ ಸರಳ ಪ್ರಶ್ನೆಗಳಿಗೆ ಅವರ ಒಲವು. ನಿಮ್ಮ ಪುಟಗಳಲ್ಲಿ ‘ಅಲ್ವಾ’, ‘ಅನ್ಸುತ್ತಾ’, ‘ಅಂತ ಹೇಳ್ಬಹುದಾ’ ಎಂದು ಮುಗಿಯುವ ಪ್ರಶ್ನೆಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದು ನೋಡಿ. ಅವುಗಳ ಮುಂದಿನ ಉತ್ತರಗಳು ಎಷ್ಟು ಚಿಕ್ಕವಾಗಿವೆ ಎಂಬುದು ನಿಮಗೇ ಕಾಣುತ್ತದೆ.

ಚಿಕ್ಕ ಪ್ರಶ್ನೆ ಎಂದರೆ ಕಡಿಮೆ ತಯಾರಿ ಎಂದು ಯಾರೂ ಭಾವಿಸಬಾರದು. ಅಮೆರಿಕದ ಸಿ-ಸ್ಪ್ಯಾನ್ ವಾಹಿನಿಯ ಸ್ಥಾಪಕ ಬ್ರಯಾನ್ ಲ್ಯಾಂಬ್ 1989ರಿಂದ 2004ರವರೆಗೆ ‘ಬುಕ್‌ನೋಟ್ಸ್’ ಎಂಬ ಕಾರ್ಯಕ್ರಮದಲ್ಲಿ ಒಂದು ವಾರಕ್ಕೆ ಒಬ್ಬ ಲೇಖಕರಂತೆ ಒಂದು ಗಂಟೆ ಮಾತನಾಡಿಸುತ್ತಿದ್ದರು. ಪುಸ್ತಕವನ್ನು ಪೂರ್ತಿ ಓದಿಕೊಂಡೇ ಬರುತ್ತಿದ್ದ ಅವರು, ಓದಿದ್ದೇನೆಂದು ತೋರಿಸಿಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲ. ಪ್ರಶ್ನೆಗಳು ಒಂದು ಸಾಲಿನವು, ಕೆಲವೊಮ್ಮೆ ಎರಡು ಮೂರು ಪದಗಳವು. ಇದನ್ನು ಎಲ್ಲಿ ಬರೆದಿರಿ, ಅವರು ಯಾರು, ಆಮೇಲೇನಾಯಿತು ಎಂಬಂಥವು. ಅವರ ತಯಾರಿ ಕಾಣುತ್ತಿದ್ದದ್ದು ಯಾವ ಜಾಗದಲ್ಲಿ ಯಾವುದನ್ನು ಕೇಳಬೇಕೆಂಬ ಆಯ್ಕೆಯಲ್ಲಿ. ನಿಮ್ಮ ತಯಾರಿಯನ್ನೂ ಅಲ್ಲಿಗೇ ತಿರುಗಿಸಿ. ಸಂದರ್ಶನಕ್ಕೆ ಹೋಗುವ ಮುನ್ನ ಪ್ರತಿ ಪ್ರಶ್ನೆಯ ಕೊನೆಯ ಒಂದೆರಡು ಪದಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ನಾನು ಕಲಿಯುವವರಿಗೆ ಮೊದಲು ಹೇಳುವ ಅಭ್ಯಾಸ: ‘ತೀರ್ಮಾನ ಮಾಡ್ತಿದ್ರಿ?’, ‘ಕಲಿಸಿದ್ದು ಯಾರು?’, ‘ಯಾವಾಗ ನಿಲ್ಲಿಸಿದ್ರಿ?’. ಕೊನೆ ಗೊತ್ತಿದ್ದರೆ ಮಾತು ನೇರವಾಗಿ ಅಲ್ಲಿಗೆ ಹೋಗುತ್ತದೆ. ಪೂರ್ತಿ ಪ್ರಶ್ನೆಯನ್ನೇ ಬರೆದುಕೊಂಡರೆ ಓದಿದಂತೆ ಕೇಳಿಸುತ್ತದೆ, ಅತಿಥಿಯೂ ಪರೀಕ್ಷೆಗೆ ಕುಳಿತವರಂತೆ ಬಿಗಿಯಾಗುತ್ತಾರೆ.

ಈಗ ಹಿರಿಯರ ವಿಷಯ. ನಿಮ್ಮ ಅಳುಕು ಸಕಾರಣವಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಕನ್ನಡದಲ್ಲಿ ಗೌರವ ಇರುವುದು ವಾಕ್ಯದ ಉದ್ದದಲ್ಲಲ್ಲ. ಅದು ಬಹುವಚನದಲ್ಲಿದೆ, ‘ಯಜಮಾನ್ರೇ’, ‘ಅಜ್ಜಾರೇ’, ‘ಅಮ್ಮಾ’, ‘ಮೇಷ್ಟ್ರೇ’ ಎಂದು ಆಯಾ ಸೀಮೆಗೆ ತಕ್ಕಂತೆ ಕರೆಯುವುದರಲ್ಲಿದೆ, ದನಿಯಲ್ಲಿದೆ, ಮತ್ತು ಅವರು ಹೇಳುವಾಗ ನಡುವೆ ಬಾಯಿ ಹಾಕದಿರುವುದರಲ್ಲಿದೆ. ‘ಹೇಳಿ ಅಮ್ಮಾ, ಆಮೇಲೆ?’ ಎಂಬ ಮೂರು ಪದಗಳಲ್ಲಿ ಕೊರತೆಯೇನಿದೆ? ಊರಿನ ಹಿರಿಯರು ತಮ್ಮೆದುರು ಕುಳಿತ ಕಿರಿಯರಿಂದ ನಿರೀಕ್ಷಿಸುವುದು ಕೇಳಿಸಿಕೊಳ್ಳುವುದನ್ನೇ. ಮಾತು ಆರಂಭಿಸುವ ಮುಂಚೆ, ಮೈಕ್ ಇನ್ನೂ ಆನ್ ಆಗದಿರುವಾಗ, ಅವರೊಂದಿಗೆ ಕಾಫಿ ಕುಡಿಯುತ್ತ ಮಳೆ ಬೆಳೆ ವಿಚಾರಿಸಿಕೊಂಡು ಹತ್ತು ಹದಿನೈದು ನಿಮಿಷ ಕಳೆಯಿರಿ. ಆ ಉಪಚಾರದ ಮಾತುಗಳೆಲ್ಲ ಅಲ್ಲಿ ಆಗಿಬಿಟ್ಟರೆ ರೆಕಾರ್ಡಿಂಗ್‌ನಲ್ಲಿ ಚುಟುಕಾಗಿ ಕೇಳಿದ್ದು ಇಬ್ಬರಿಗೂ ಸಹಜವಾಗಿರುತ್ತದೆ. ‘ನಾನು ಕಡಿಮೆ ಕೇಳ್ತೀನಿ, ನೀವು ಧಾರಾಳವಾಗಿ ಹೇಳಿ’ ಎಂದು ಮೊದಲೇ ತಿಳಿಸುವುದೂ ಒಳ್ಳೆಯದು.

ಪರಿಚಯ ಭಾಷಣದ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ನಮ್ಮ ಸಭೆ ಸಮಾರಂಭಗಳಲ್ಲಿ ಅತಿಥಿಯ ಹುಟ್ಟೂರು, ವಿದ್ಯಾಭ್ಯಾಸ, ಹುದ್ದೆ, ಪ್ರಶಸ್ತಿಗಳನ್ನು ಸಾಲಾಗಿ ಹೇಳಿ ‘ಇವರ ಬಗ್ಗೆ ಹೇಳಿದಷ್ಟೂ ಕಡಿಮೆಯೇ’ ಎಂದು ಮುಗಿಸುವ ಪದ್ಧತಿಯಿದೆ. ವೇದಿಕೆಯಲ್ಲಿ ಅದಕ್ಕೆ ಅದರದೇ ಆದ ಸ್ಥಾನವಿದೆ: ಅದು ಸನ್ಮಾನದ ಒಂದು ಭಾಗ, ಸಭಿಕರೂ ಅದನ್ನು ಹಾಗೆಯೇ ಸ್ವೀಕರಿಸುತ್ತಾರೆ. ಪಾಡ್‌ಕಾಸ್ಟ್‌ನಲ್ಲಿ ಇದೇ ಮೊದಲ ಎರಡು ಮೂರು ನಿಮಿಷಗಳನ್ನು ತಿಂದುಹಾಕುತ್ತದೆ, ಕೇಳುಗ ಮುಂದೆ ಕೇಳಬೇಕೋ ಬೇಡವೋ ಎಂದು ನಿರ್ಧರಿಸುವ ನಿಮಿಷಗಳೂ ಅವೇ. ಪ್ರಶಸ್ತಿಗಳ ಪಟ್ಟಿಯನ್ನು ಕಂತಿನ ವಿವರಣೆಯಲ್ಲಿ ಬರೆಯಿರಿ. ಧ್ವನಿಯಲ್ಲಿ ಎರಡು ವಾಕ್ಯ ಸಾಕು: ಇವರು ಯಾರು, ಇವತ್ತು ಇವರನ್ನೇ ಯಾಕೆ ಕೇಳುತ್ತಿದ್ದೇವೆ. ಆ ಎರಡು ವಾಕ್ಯಗಳನ್ನೂ ಸಂದರ್ಶನ ಮುಗಿದ ಮೇಲೆ ಬರೆಯುವುದು ಉತ್ತಮ, ಏಕೆಂದರೆ ಅವರ ಮಾತಿನಲ್ಲಿ ನಿಜವಾಗಿ ಬೆಲೆಯುಳ್ಳದ್ದು ಯಾವುದೆಂದು ನಿಮಗೆ ತಿಳಿಯುವುದು ಆಗಲೇ. ಅತಿಥಿಯ ಮುಂದೆಯೇ ಹೊಗಳಿಕೆ ಓದಿದರೆ ಇನ್ನೊಂದು ತೊಂದರೆಯಿದೆ. ಅವರು ‘ಅಯ್ಯೋ, ಅಷ್ಟೆಲ್ಲ ಏನಿಲ್ಲ’ ಎಂದು ಸಂಕೋಚಪಟ್ಟು, ಆ ಸಂಕೋಚದಿಂದ ಹೊರಬರಲು ಮತ್ತೆ ಕೆಲವು ನಿಮಿಷ ಹಿಡಿಯುತ್ತದೆ.

ಮಾತು ಬೆಳೆಯಲು ಮೌನದ ಭಯವೂ ಕಾರಣ. ಹತ್ತು ಭಾಷೆಗಳ ಸಂಭಾಷಣೆಯನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಸರಾಸರಿ ಅಂತರ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮಾತ್ರ. ಕನ್ನಡ ಆ ಹತ್ತರಲ್ಲಿ ಇರಲಿಲ್ಲ, ಆದರೆ ಮನುಷ್ಯರ ಮಾತಿನ ಲಯ ಎಷ್ಟು ಬಿಗಿಯೆಂಬುದು ಅದರಿಂದ ತಿಳಿಯುತ್ತದೆ. ಇಂಥ ಲಯಕ್ಕೆ ಒಗ್ಗಿದವರಿಗೆ ಎರಡು ಸೆಕೆಂಡಿನ ಮೌನವೇ ಅಸಹಜವೆನಿಸಿ, ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದು ಅದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ, ಉದಾಹರಣೆ ಕೊಡುತ್ತಾರೆ, ಕೊನೆಗೆ ಉತ್ತರವನ್ನೂ ತಾವೇ ಸೂಚಿಸುತ್ತಾರೆ. ನಿಮ್ಮ ಪುಟಗಳಲ್ಲಿ ‘ಅಂದ್ರೆ ನಾನು ಕೇಳ್ತಿರೋದು ಏನಂದ್ರೆ’ ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಬಹುತೇಕ ಕಡೆ ಅತಿಥಿ ಆಗಷ್ಟೇ ಯೋಚಿಸಲು ಆರಂಭಿಸಿದ್ದರೆಂದು ನನ್ನ ಊಹೆ. ಶಾಲೆಗಳ ವಿಜ್ಞಾನ ಬೋಧನೆಯನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಮೇರಿ ಬಡ್ ರೋ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಗಮನಾರ್ಹವಾಗಿ ದೀರ್ಘವಾದವೆಂದೂ ಕಂಡುಕೊಂಡರು. ನಲವತ್ತು ವರ್ಷ ಹಿಂದಿನ ಸಂಗತಿಯನ್ನು ನೆನಪಿಸಿಕೊಳ್ಳಬೇಕಾದ ಹಿರಿಯರಿಗೆ ಮೂರು ಸೆಕೆಂಡು ಯಾವ ಲೆಕ್ಕ? ಕಾಯುವಾಗ ಅವರ ಮುಖ ನೋಡುತ್ತಿರಿ, ಕಾಗದ ನೋಡಬೇಡಿ. ಮೌನ ಕೇಳುಗರಿಗೆ ತೀರಾ ಉದ್ದವೆನಿಸುವಂತಿದ್ದರೆ ಎಡಿಟಿಂಗ್‌ನಲ್ಲಿ ಅರ್ಧ ತೆಗೆಯಬಹುದು. ಹೇಳದೆ ಉಳಿದ ಉತ್ತರವನ್ನು ಯಾವ ಸಾಫ್ಟ್‌ವೇರ್‌ನಿಂದಲೂ ತರಲಾಗದು.

‘ಸೋ’, ‘ಬೇಸಿಕಲಿ’, ‘ಆಕ್ಚುಲಿ’, ‘ಒಂಥರಾ’, ‘ಏನಪ್ಪಾ ಅಂದ್ರೆ’ ಇವುಗಳ ಬಗ್ಗೆ ಹೆಚ್ಚು ಕೊರಗಬೇಡಿ. ಇವುಗಳನ್ನು ಒಂದೊಂದಾಗಿ ಎಣಿಸುತ್ತ ಕುಳಿತರೆ ಮಾತೇ ತಡವರಿಸುತ್ತದೆ. ಮುಂದೇನು ಹೇಳಬೇಕೆಂದು ಗೊತ್ತಿಲ್ಲದ ಕಡೆಯೇ ಇವು ಹೆಚ್ಚಾಗಿ ಬರುವುದರಿಂದ, ಪ್ರಶ್ನೆಯ ಕೊನೆ ಖಚಿತವಾದಂತೆ ಇವೂ ಕಡಿಮೆಯಾಗುತ್ತವೆ. ಅದಕ್ಕಿಂತ ಹೆಚ್ಚು ಕಿರಿಕಿರಿ ಕೊಡುವುದು ಅತಿಥಿ ಮಾತನಾಡುವಾಗ ಮೇಲಿಂದ ಮೇಲೆ ಹಾಕುವ ‘ಹ್ಞೂ ಹ್ಞೂ’, ‘ಕರೆಕ್ಟ್ ಕರೆಕ್ಟ್’, ‘ಸೂಪರ್’. ಎದುರಾಬದುರು ಕುಳಿತಾಗ ಇವು ಪ್ರೋತ್ಸಾಹದ ಮಾತುಗಳು. ಇಯರ್‌ಫೋನ್ ಹಾಕಿಕೊಂಡು ಕೇಳುವವರಿಗೆ ಅತಿಥಿಯ ವಾಕ್ಯದ ಮೇಲೆ ಬಿದ್ದ ಅಡ್ಡಿ. ತಲೆದೂಗಿದರೆ ಸಾಕು. ಫೋನ್ ಅಥವಾ ಇಂಟರ್ನೆಟ್ ಮೂಲಕ ರೆಕಾರ್ಡ್ ಮಾಡುವಾಗ ಮಾತ್ರ ಆಗಾಗ ಒಂದು ‘ಹ್ಞೂ’ ಬೇಕಾಗುತ್ತದೆ, ಇಲ್ಲವಾದರೆ ಸಂಪರ್ಕ ತಪ್ಪಿತೇ ಎಂದು ಅವರು ನಿಂತುಬಿಡುತ್ತಾರೆ. ಆಗ ಇಬ್ಬರ ದನಿಯನ್ನೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ರೆಕಾರ್ಡ್ ಮಾಡಿಕೊಂಡರೆ ನಿಮ್ಮ ‘ಹ್ಞೂ’ಗಳನ್ನು ಆಮೇಲೆ ಅಳಿಸಬಹುದು.

ಅತಿಥಿ ಹೇಳಿದ್ದನ್ನು ‘ಅಂದ್ರೆ ನೀವು ಹೇಳಿದ್ದು’ ಎಂದು ಮತ್ತೆ ಹೇಳುವ ರೂಢಿಯೂ ನಿಮಗಿದೆ. ಇದನ್ನು ಪೂರ್ತಿ ಬಿಡಿ ಎನ್ನಲಾರೆ. ತಾಂತ್ರಿಕ ಪದ ಬಂದಾಗ, ಅಥವಾ ಹತ್ತು ನಿಮಿಷದ ವಿವರಣೆಯ ಎಳೆ ಕೇಳುಗರಿಗೆ ತಪ್ಪಿರಬಹುದು ಎನಿಸಿದಾಗ, ಒಂದು ವಾಕ್ಯದಲ್ಲಿ ಮತ್ತೆ ಹಿಡಿದುಕೊಡುವುದು ನಿರೂಪಕರ ಕರ್ತವ್ಯ. ನೀರಗಂಟಿಯವರು ‘ತೂಬು’ ಎಂದಾಗ ನೀವು ‘ಅಂದ್ರೆ ಕೆರೆ ಏರಿಯಲ್ಲಿ ನೀರು ಹೊರಗೆ ಬಿಡೋ ಬಾಯಿ’ ಎಂದು ಸೇರಿಸಿದ್ದು ಬಹಳ ಚೆನ್ನಾಗಿದೆ, ನಗರದ ಕೇಳುಗರಿಗೆ ಅದಿಲ್ಲದೆ ಮುಂದಿನದು ಅರ್ಥವಾಗುತ್ತಿರಲಿಲ್ಲ. ಅವರು ಮಗಳ ಮದುವೆಯ ವರ್ಷ ಕೆರೆ ಒಡೆದದ್ದನ್ನು ಹೇಳಿ ಮುಗಿಸಿದ ಕೂಡಲೇ ನೀವು ಅದನ್ನೇ ನಿಮ್ಮ ಮಾತಿನಲ್ಲಿ ಸಂಗ್ರಹಿಸಿ, ನಿಮ್ಮೂರಿನ ಕೆರೆ ಒಡೆದ ಕಥೆಯನ್ನೂ ಜೋಡಿಸಿದ್ದು ಮಾತ್ರ ಅವರ ಅನುಭವದ ತೂಕವನ್ನು ತಗ್ಗಿಸಿತು.

ಮಾತು ದೀರ್ಘವಾದದ್ದೆಲ್ಲ ದೋಷವೆಂದು ನಾನು ಹೇಳುತ್ತಿಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ (ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಭಾಗವತರು ಹಾಡಿದ ಒಂದು ಪದ್ಯಕ್ಕೆ ಅರ್ಥಧಾರಿಗಳು ಬಹಳ ಹೊತ್ತು ಅರ್ಥ ಹೇಳುತ್ತಾರೆ, ಸಭೆ ಕದಲದೆ ಕೇಳುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅದರಿಂದಲೇ ಹೆಸರಾದರು. ಆದರೆ ಆ ಮಾತಿಗೆ ಪದ್ಯದ ಚೌಕಟ್ಟಿದೆ, ಎದುರಿನ ಪಾತ್ರ ಎತ್ತಿದ ಆಕ್ಷೇಪಕ್ಕೆ ಉತ್ತರಿಸಬೇಕಾದ ಹೊಣೆಯಿದೆ, ಪ್ರತಿ ವಾಕ್ಯ ವಾದವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಬಾನುಲಿಗೂ ಅದರದೇ ಆದ ಕಟ್ಟುಪಾಡಿತ್ತು. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದಂದಿನಿಂದ ಕನ್ನಡಿಗರು ದನಿಯನ್ನಷ್ಟೇ ನಂಬಿ ಕೇಳುತ್ತ ಬಂದಿದ್ದಾರೆ. ಬಾನುಲಿ ಭಾಷಣವನ್ನು ಮೊದಲೇ ಬರೆದು, ನಿಗದಿತ ನಿಮಿಷಗಳಿಗೆ ಹೊಂದಿಸಿ ಓದುವ ಶಿಸ್ತು ಹಲವು ತಲೆಮಾರಿನ ಭಾಷಣಕಾರರನ್ನು ತಿದ್ದಿತು. ಪಾಡ್‌ಕಾಸ್ಟ್‌ಗೆ ಗಡಿಯಾರವಿಲ್ಲ, ಕಂತು 40 ನಿಮಿಷವಾದರೂ ಒಂದೂವರೆ ಗಂಟೆಯಾದರೂ ತಡೆಯುವವರಿಲ್ಲ. ಆದ್ದರಿಂದ ಗಡಿಯನ್ನು ನೀವೇ ಹಾಕಿಕೊಳ್ಳಬೇಕು. ನೀವು ಒಬ್ಬರೇ ಮಾತನಾಡುವ ಪೀಠಿಕೆಯನ್ನು ಬರೆದು, ಜೋರಾಗಿ ಓದಿ, ಒಂದು ನಿಮಿಷಕ್ಕೆ ಇಳಿಸಿ. ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷಿನ ಲೆಕ್ಕಗಳು ನಮಗೆ ಹೊಂದುವುದಿಲ್ಲ, ವಿಭಕ್ತಿ ಪ್ರತ್ಯಯಗಳು ಅಂಟಿಕೊಳ್ಳುವುದರಿಂದ ನಮ್ಮ ಪದಗಳು ಉದ್ದ. ನಿಮ್ಮದೇ ಓದಿನ ವೇಗವನ್ನು ಒಂದು ಪುಟ ಓದಿ ಅಳೆದುಕೊಳ್ಳಿ. ನಿಮಿಷದೊಳಗೆ ತುರುಕಲು ವೇಗ ಹೆಚ್ಚಿಸಬೇಡಿ, ವಾಕ್ಯ ತೆಗೆಯಿರಿ.

ಇದನ್ನೆಲ್ಲ ರೂಢಿಸಿಕೊಳ್ಳಲು ನಾನು ಕಂಡ ಅತ್ಯಂತ ಫಲಕಾರಿ ದಾರಿ, ನೀವೇ ಅರ್ಧ ಮಾಡಿರುವ ಕೆಲಸ: ನಿಮ್ಮ ಮಾತನ್ನು ಆಡಿದಂತೆಯೇ ಬರೆಯುವುದು. ಪ್ರತಿ ಕಂತಿನಿಂದ ಹತ್ತು ನಿಮಿಷ ಸಾಕು, ಆದರೆ ಸಾಫ್ಟ್‌ವೇರ್‌ಗೆ ಒಪ್ಪಿಸದೆ ಕೈಯಾರೆ ಬರೆಯಿರಿ, ತಿದ್ದಬೇಡಿ. ಆಮೇಲೆ ಪ್ರತಿ ಪ್ರಶ್ನೆಯಲ್ಲಿ ಅತಿಥಿ ಎಲ್ಲಿಂದ ಉತ್ತರಿಸಲು ಸಿದ್ಧರಿದ್ದರು ಎಂಬುದನ್ನು ಗುರುತಿಸಿ. ಧ್ವನಿ ಕೇಳಿದರೆ ಅದು ತಿಳಿಯುತ್ತದೆ, ಅವರು ಉಸಿರು ಎಳೆದುಕೊಂಡಿರುತ್ತಾರೆ ಅಥವಾ ‘ಅದು...’ ಎಂದು ಬಾಯಿ ತೆರೆದಿರುತ್ತಾರೆ. ಅಲ್ಲಿಂದ ಮುಂದೆ ನೀವು ಆಡಿದ್ದೆಲ್ಲ ಹೆಚ್ಚುವರಿ. ಒಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಎರಡೂ ಟ್ರ್ಯಾಕ್‌ಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಯಾರ ದನಿ ಎಷ್ಟು ಜಾಗ ಹಿಡಿದಿದೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಸಂದರ್ಶನದಲ್ಲಿ ನಿರೂಪಕರ ಪಾಲು ಕಾಲು ಭಾಗವನ್ನು ದಾಟಿದರೆ ಕಾರಣ ಹುಡುಕಬೇಕೆಂಬುದು ನನ್ನ ಅಂದಾಜು; ಇಬ್ಬರು ಸಮಾನವಾಗಿ ಹರಟುವ ಕಾರ್ಯಕ್ರಮಕ್ಕೆ ಇದು ಅನ್ವಯಿಸುವುದಿಲ್ಲ. ಅದೇ ತಂತ್ರಾಂಶದಲ್ಲಿ ಮೌನವನ್ನೆಲ್ಲ ಒಟ್ಟಿಗೆ ಕತ್ತರಿಸುವ ಸೌಲಭ್ಯವೂ ಇದೆ. ಅದನ್ನು ಇಡೀ ಕಂತಿನ ಮೇಲೆ ಕಣ್ಣುಮುಚ್ಚಿ ಬಳಸಬೇಡಿ, ಅತಿಥಿ ಯೋಚಿಸಿ ಹೇಳಿದ್ದು ಬಾಯಿಪಾಠ ಒಪ್ಪಿಸಿದಂತೆ ಕೇಳಿಸುತ್ತದೆ. ಕತ್ತರಿಸುವುದಾದರೆ ನಿಮ್ಮ ಪ್ರಶ್ನೆಗಳಿಂದಲೇ ಆರಂಭಿಸಿ. ಪೀಠಿಕೆಯನ್ನು ಪೂರ್ತಿ ತೆಗೆದು ಕೊನೆಯ ವಾಕ್ಯವನ್ನಷ್ಟೇ ಉಳಿಸಿದರೂ ಉತ್ತರ ಅರ್ಥವಾಗುತ್ತದೆಯೇ ಎಂದು ಪರೀಕ್ಷಿಸಿ. ಹಲವು ಸಲ ಅರ್ಥವಾಗುತ್ತದೆ.

ಮುಕ್ತಾಯದ ಬಗ್ಗೆ ಒಂದು ಮಾತು. ‘ಕೊನೆಯದಾಗಿ ನಮ್ಮ ಕೇಳುಗರಿಗೆ ಏನು ಹೇಳೋಕೆ ಇಷ್ಟಪಡ್ತೀರಿ?’ ಎಂಬ ಪ್ರಶ್ನೆಗೆ ಬರುವುದು ಸಾಮಾನ್ಯವಾಗಿ ಉಪದೇಶ. ಅದರ ಬದಲು ‘ನಾನು ಕೇಳದೆ ಬಿಟ್ಟಿದ್ದು ಏನಾದ್ರೂ ಇದೆಯಾ?’ ಎಂದು ಕೇಳಿ. ಇದು ಹೌದು ಇಲ್ಲ ಎಂಬ ಜಾತಿಯ ಪ್ರಶ್ನೆಯಾದರೂ ಅತಿಥಿಗಳು ಇದನ್ನು ಹಾಗೆ ತೆಗೆದುಕೊಳ್ಳುವುದಿಲ್ಲ, ತಮ್ಮ ಮನಸ್ಸಿನಲ್ಲಿ ಉಳಿದದ್ದನ್ನು ಹೇಳುತ್ತಾರೆ. ಧನ್ಯವಾದವನ್ನು ಒಂದು ವಾಕ್ಯದಲ್ಲಿ ಹೇಳಿ, ರೆಕಾರ್ಡರನ್ನು ಕೂಡಲೇ ಆಫ್ ಮಾಡದೆ ಇನ್ನೂ ಸ್ವಲ್ಪ ಹೊತ್ತು ಕುಳಿತಿರಿ. ಮುಗಿಯಿತೆಂಬ ನಿರಾಳದಲ್ಲಿ ಜನ ಹೇಳುವ ಮಾತುಗಳು ಎಷ್ಟೋ ಸಲ ಇಡೀ ಕಂತಿನಲ್ಲೇ ಅತ್ಯುತ್ತಮವಾಗಿರುತ್ತವೆ. ರೆಕಾರ್ಡಿಂಗ್ ಇನ್ನೂ ನಡೆಯುತ್ತಿದೆ ಎಂಬುದು ಮಾತ್ರ ಅವರಿಗೆ ಗೊತ್ತಿರಬೇಕು, ಮತ್ತು ಆ ಭಾಗವನ್ನು ಬಳಸುವ ಮುನ್ನ ಅವರನ್ನು ಕೇಳಿಯೇ ಬಳಸಬೇಕು.